ಮೊದಲು ಕಾಲಿನ ಫೋಟೊ ಕಳಿಸಿ

ಕೆಂಗೇರಿಯಿಂದ ಸ್ವಲ್ಪ ಆಚೆ ಇರುವ ಪಕ್ಷಿ ಆರೈಕೆ ಕೇಂದ್ರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸತ್ಯವತಿ ಹಕ್ಕಿಗಳಿಗೆಂದು ಪರಂಗಿ ಹಣ್ಣು ಹೆಚ್ಚುತ್ತಾ ಕೂತಿದ್ದಾರೆ. ಪಕ್ಕದಲ್ಲಿರುವ ಫೋನು ಟಿಣ್ ಎಂದಾಗ ಚಾಕು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ನೋಡುತ್ತಾರೆ. ವಿಜಯನಗರದಿಂದ ಒಂದು ಫೋಟೊ ಬಂದಿದೆ. ರಟ್ಟಿನ ಡಬ್ಬದ ಮೂಲೆಯಲ್ಲೊಂದು ಕಪ್ಪು ಮುದ್ದೆ, ಕೆಳಗೆ 'ಹದ್ದಿನ ಮರಿ, ಅರ್ಜೆಂಟ್' ಎಂಬ ಒಕ್ಕಣೆ.

"ಹದ್ದಂತೆ," ಎಂದು ನಗುತ್ತಾ ಸತ್ಯವತಿ ಫೋನನ್ನು ಬಾಯಿಯ ಹತ್ತಿರ ಹಿಡಿಯುತ್ತಾರೆ. "ಸಾರ್, ಮೊದಲು ಅದರ ಕಾಲಿನ ಫೋಟೊ ಕಳಿಸಿ. ನೀರು ಗೀರು ಏನೂ ಕುಡಿಸ್ಬೇಡಿ."

ಕಾಲು ಬರುತ್ತದೆ. ಬೆರಳ ತುದಿಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟ ಪಾದ, ನಾಲ್ಕೂ ಬೆರಳು ಮುಂದಕ್ಕೆ. ಹದ್ದೂ ಅಲ್ಲ, ಮರಿಯೂ ಅಲ್ಲ. ಇದು ಬಾನಾಡಿ, ದಿನವಿಡೀ ಆಕಾಶದಲ್ಲೇ ಇದ್ದು, ನೆಲಕ್ಕೆ ಬಿದ್ದರೆ ಏಳಲು ಪರದಾಡುವ ಹಕ್ಕಿ.

ರಾಜಾಜಿನಗರ, ಹೊಸಹಳ್ಳಿ, ಬಸವೇಶ್ವರನಗರ ಹೀಗೆ ಎಲ್ಲೇ ಗುರುತು ಸಿಗದ ಹಕ್ಕಿ ಬಿದ್ದರೂ ಫೋಟೊ ಬರುವುದು ಈ ಫೋನಿಗೆ. ಹಕ್ಕಿಗಳು ದಾರಕ್ಕೆ ಸಿಕ್ಕಿಬೀಳುವ ಗಾಳಿಪಟದ ಕಾಲದಲ್ಲಂತೂ ಅದು ಬಾಯಿ ಮುಚ್ಚುವುದಿಲ್ಲ. "ಹೆಸರು ತಪ್ಪಿದ್ರೆ ಊಟ ತಪ್ಪುತ್ತೆ. ಊಟ ತಪ್ಪಿದ್ರೆ ನಮ್ ಕಾಂತರಾಜು ಹೋಗೋಷ್ಟರಲ್ಲಿ ಹಕ್ಕಿನೇ ಇರಲ್ಲ," ಎನ್ನುತ್ತಾರೆ ಸತ್ಯವತಿ. ಸ್ಕೂಟರಿಗೆ ಡಬ್ಬ ಕಟ್ಟಿಕೊಂಡು ಹೋಗಿ ಹಕ್ಕಿಗಳನ್ನು ಕರೆತರುವವರು ಕಾಂತರಾಜು.

ಸತ್ಯವತಿ ಮೊದಲು ವಿಜಯನಗರದ ಒಂದು ಫೋಟೊ ಸ್ಟುಡಿಯೊದಲ್ಲಿ ಫೋಟೊ ತಿದ್ದುತ್ತಿದ್ದರು. ಎಲ್ಲರ ಕೈಗೂ ಕ್ಯಾಮೆರಾ ಫೋನು ಬಂದ ಮೇಲೆ ಸ್ಟುಡಿಯೊಗೆ ಬೀಗ ಬಿತ್ತು. ಒಂದಷ್ಟು ಕಾಲ ಸೀರೆಗೆ ಫಾಲ್ಸ್ ಹೊಲಿದು, ಆಮೇಲೆ ಪಂಜರ ತೊಳೆಯುವ ಕೆಲಸಕ್ಕೆ ಇಲ್ಲಿಗೆ ಬಂದರು. ಒಂದು ದಿನ ಕೇಂದ್ರದ ವೈದ್ಯೆ ಸೌಮ್ಯಶ್ರೀ ಯಾವುದೋ ಫೋಟೊ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದಾಗ, ಹಿಂದಿನಿಂದ ಇಣುಕಿ, "ಆ ನೀಲಿ ಹಕ್ಕೀದಲ್ಲ ಮೇಡಂ, ಪಕ್ಕದಲ್ಲಿರೋ ಬಕೆಟ್ದು," ಎಂದರು. ಅವತ್ತಿನಿಂದ ಫೋನು ಅವರ ಕೈಗೆ ಬಂತು.

"ಸ್ಟುಡಿಯೊದಲ್ಲಿ ನಾನೇ ಎಷ್ಟು ಮದುವೆ ಗಂಡುಗಳನ್ನ ಬೆಳ್ಳಗೆ ಮಾಡಿಲ್ಲ? ಫೋಟೊದಲ್ಲಿರೋ ಬಣ್ಣ ನಾನು ನಂಬಲ್ಲ. ಕಾಲಿಗೆ ಯಾರೂ ಮೇಕಪ್ ಮಾಡಲ್ವಲ್ಲ."

ಆದರೆ ಕಳೆದ ಅಕ್ಟೋಬರ್‌ನ ಕಥೆ ತೆಗೆದರೆ ಇವತ್ತಿಗೂ ಹಣೆ ಚಚ್ಚಿಕೊಳ್ಳುತ್ತಾರೆ. ಬಸವೇಶ್ವರನಗರದ ನಿವೃತ್ತ ಮೇಷ್ಟರು ಸೇತುರಾಮ ಅವರ ಕಿಟಕಿ ಗಾಜಿಗೆ ಒಂದು ಹಕ್ಕಿ ಬಡಿದು ಬಿದ್ದಿತ್ತು. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ. ಯಾರದೋ ಮನೆಯಿಂದ ತಪ್ಪಿಸಿಕೊಂಡ ಫಾರಿನ್ ಹಕ್ಕಿ ಎಂದುಕೊಂಡ ಮೇಷ್ಟರು ಪಂಜರ ತಂದು ನವಣೆ ಇಟ್ಟರು. ಮರುದಿನ ಬೆಳಗಾದರೂ ಹಕ್ಕಿ ಒಂದು ಕಾಳು ಮುಟ್ಟಿರಲಿಲ್ಲ. ಆಗ ಅದರ ಫೋಟೊ ಸತ್ಯವತಿಗೆ ಕಳಿಸಿದರು. ಅಂಥ ಹಕ್ಕಿಯನ್ನು ಅವರೂ ಕಂಡವರಲ್ಲ. ಮಿಂಚುಳ್ಳಿ ಇರಬೇಕು, ಮೀನು ಕೊಡಿ ಎನ್ನಲು ಬಾಯಿ ತೆರೆದವರು ತಡೆದು, ಕಾಲಿನ ಫೋಟೊ ಕೇಳಿದರು.

ಬಂದದ್ದು ಹವಾಯಿ ಚಪ್ಪಲಿ ಹಾಕಿದ್ದ ಮೇಷ್ಟರ ಕಾಲು. "ನನಗೇನೂ ಆಗಿಲ್ಲಮ್ಮ, ಅದು ಕಚ್ಚಿಲ್ಲ" ಎಂಬ ಸಮಾಧಾನ ಬೇರೆ.

ಎರಡನೇ ಸಲ ಹಕ್ಕಿಯದೇ ಬಂತು. ಉದ್ದನೆಯ ಗಟ್ಟಿ ಕಾಲು. ಮಿಂಚುಳ್ಳಿಯ ಕಾಲಾದರೆ ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ಇದು ನೆಲದ ಮೇಲೆ ಓಡಾಡಿ ಹುಳ ಹೆಕ್ಕುವ ಹಕ್ಕಿ ಎಂದು ಸತ್ಯವತಿಗೆ ಖಾತ್ರಿಯಾಯಿತು, ಹೆಸರು ಮಾತ್ರ ಹೊಳೆಯಲಿಲ್ಲ. ಡಾಕ್ಟರಿಗೆ ತೋರಿಸಿದರು.

"ನವರಂಗ ಕಣ್ರೀ ಇದು. ಚಳಿಗಾಲಕ್ಕೆ ಉತ್ತರದಿಂದ ಬರುತ್ತೆ. ಹೊಟ್ಟೆಗಿಲ್ದೆ ಸಂಜೆವರೆಗೂ ತಡೆಯಲ್ಲ," ಎಂದರು ಸೌಮ್ಯಶ್ರೀ.

ಮೇಷ್ಟರಿಗೆ ಎರೆಹುಳ ಹುಡುಕಲು ಹೇಳಿದ ಸತ್ಯವತಿ, ವಿಜಯನಗರದ ಕಡೆ ಹೋಗಿದ್ದ ಕಾಂತರಾಜುಗೆ ಗಾಬರಿಯಲ್ಲಿ ಇಷ್ಟೇ ಹೇಳಿದರು: "ನವರಂಗ ಕಣೋ, ಬೇಗ ಹೋಗು." ಸ್ವಲ್ಪ ಹೊತ್ತಿಗೆ ಕಾಂತರಾಜು ಫೋನ್ ಮಾಡಿದರು. "ಅಕ್ಕಾ, ನವರಂಗ್ ಸರ್ಕಲ್ಲಲ್ಲೇ ನಿಂತಿದೀನಿ. ಯಾವ ಕಡೆ ಬರ್ಲಿ?"

ರಾಜಾಜಿನಗರದಲ್ಲಿ ಹುಟ್ಟಿ ಬೆಳೆದವರಿಗೆ ನವರಂಗ ಎಂದರೆ ಅಲ್ಲಿನ ಚಿತ್ರಮಂದಿರ ಬಿಟ್ಟು ಹಕ್ಕಿ ಹೇಗೆ ನೆನಪಾಗಬೇಕು, ಪಾಪ. ಪುಣ್ಯಕ್ಕೆ ಬಸವೇಶ್ವರನಗರ ಅಲ್ಲಿಂದ ದೂರವಿಲ್ಲ. ಕಾಂತರಾಜು ತಲುಪುವಷ್ಟರಲ್ಲಿ ಮೇಷ್ಟರು ಮನೆಯ ಹೂಕುಂಡಗಳನ್ನೆಲ್ಲ ಬಗೆದು ಹಾಕಿದ್ದರಂತೆ. ಹಕ್ಕಿ ಎರೆಹುಳ ತಿಂದಿತು, ಕೇಂದ್ರಕ್ಕೆ ಬಂತು, ಬದುಕಿತು. ಇದನ್ನು ಬರೆಯುವಾಗಲೂ ನನಗೆ ಖುಷಿಯಾಗುತ್ತಿದೆ.

ಸತ್ಯವತಿಗೆ ಒಂದೇ ಕೊರಗು. "ಫೋನ್ ತುಂಬ ಹಕ್ಕಿಗಳೇ, ಒಂದೂ ನೆಟ್ಟಗಿಲ್ಲ. ರೆಕ್ಕೆ ಜೋತಾಡ್ತಿರೋದು, ದಾರ ಸುತ್ಕೊಂಡಿರೋದು. ಹುಷಾರಾದ ಮೇಲೆ ಯಾರೂ ಫೋಟೊ ಕಳ್ಸಲ್ಲ. ಚೆನ್ನಾಗಿರೋ ಹಕ್ಕೀದು ಒಂದಾದ್ರೂ ಬರ್ಲಿ ಅಂತ ಆಸೆ."

ನವರಂಗವನ್ನು ತುರಹಳ್ಳಿ ಕಾಡಿನಲ್ಲಿ ಬಿಟ್ಟ ದಿನವೂ ಅವರು ಹೋಗಲಿಲ್ಲ. ಫೋನಿನ ಹತ್ತಿರ ಯಾರಾದರೂ ಇರಬೇಕಲ್ಲ. ಕಾಂತರಾಜು ಜೊತೆ ಹೊರಟಿದ್ದ ಮೇಷ್ಟರಿಗೆ, ಒಂದು ಫೋಟೊ ತೆಗೆದು ಕಳಿಸಿ ಎಂದು ಹೇಳಿದ್ದರು.

ಆ ಫೋಟೊ ಈಗ ಅವರ ಫೋನ್ ತೆರೆದರೆ ಮೊದಲು ಕಾಣುತ್ತದೆ. ನನಗೂ ತೋರಿಸಿದರು. ಒಂದು ಪೊದೆ, ತರಗೆಲೆ, ಮೂಲೆಯಲ್ಲಿ ಮೇಷ್ಟರ ಹೆಬ್ಬೆರಳು. ಎಷ್ಟು ಹುಡುಕಿದರೂ ನನಗೆ ಹಕ್ಕಿ ಕಾಣಲಿಲ್ಲ.

"ಇಲ್ಲ ಸಾರ್. ಮೇಷ್ಟ್ರು ಬಟನ್ ಒತ್ತೋಷ್ಟರಲ್ಲಿ ಹಾರ್ಹೋಗಿತ್ತು," ಎನ್ನುತ್ತಾರೆ ಸತ್ಯವತಿ, ಪರದೆಯನ್ನು ಸೆರಗಿನಲ್ಲಿ ಒರೆಸುತ್ತಾ. "ಇದೊಂದಕ್ಕೆ ಮಾತ್ರ ನಾನು ಕಾಲಿನ ಫೋಟೊ ಕೇಳ್ಲಿಲ್ಲ."