ಚಿಕ್ಕಮ್ಮ ಹೇಳಿದ ಒಂದೇ ಸುಳ್ಳು

ನಾನು ಕಾಲೇಜಿನಲ್ಲಿ ನೀತಿಶಾಸ್ತ್ರ ಪಾಠ ಮಾಡುತ್ತೇನೆ. ಕರ್ತವ್ಯ ದೊಡ್ಡದೋ ಫಲ ದೊಡ್ಡದೋ, ಒಳ್ಳೆಯ ಉದ್ದೇಶಕ್ಕೆ ಸುಳ್ಳು ಹೇಳಬಹುದೋ ಬಾರದೋ ಎಂದು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆದು, ಮಕ್ಕಳು ಕಿತ್ತಾಡುವುದನ್ನು ನೋಡುತ್ತಾ ನಿಲ್ಲುತ್ತೇನೆ. ಯಾರಾದರೂ ಉದಾಹರಣೆ ಕೇಳಿದರೆ ಪುಸ್ತಕದಲ್ಲಿ ಇರುವುದನ್ನೇ ಒಪ್ಪಿಸುತ್ತೇನೆ. ಚಿಕ್ಕಮ್ಮನ ಕಥೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಹೇಳಿದರೆ ಅದರಲ್ಲಿ ನಾನೂ ಬರುತ್ತೇನೆ, ಅದೂ ಒಳ್ಳೆಯ ಮುಖ ಹೊತ್ತುಕೊಂಡೇನೂ ಅಲ್ಲ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಮೂವತ್ತೊಂದು ವರ್ಷ ಲಾಂಡ್ರಿ ನಡೆಸಿದಳು. ಔಷಧಿ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕಿರಿದಾದ ಕೋಣೆ. ಮುಂದೆ ಕೌಂಟರು, ಅದರ ಹಿಂದೆ ಇಸ್ತ್ರಿ ಮೇಜು, ಆಮೇಲೆ ಕಂಬಿಗೆ ತೂಗುಹಾಕಿದ ಬಟ್ಟೆಗಳ ಸಾಲು, ಎಲ್ಲಕ್ಕಿಂತ ಹಿಂದೆ ಒಗೆಯುವ ಯಂತ್ರ. ಯಂತ್ರ ತಿರುಗಲು ಶುರುವಾದರೆ ಕೌಂಟರಿನ ಮೇಲಿದ್ದ ಪಿನ್ನಿನ ಡಬ್ಬಿ ತಾನಾಗಿಯೇ ಜರುಗುತ್ತಿತ್ತು. ಚಿಕ್ಕಮ್ಮನ ಬಾಯಿ ಜೋರು. ಕಾಲರು ಹರಿದ ಶರ್ಟು ತಂದವರಿಗೆ, "ಇದನ್ನ ಒಗೀಬೇಕಾ, ಮಣ್ಣು ಮಾಡ್ಬೇಕಾ?" ಎಂದು ಕೇಳಿಬಿಡುತ್ತಿದ್ದಳು. ಬೈಸಿಕೊಂಡವರು ನಗುತ್ತಾ ಬಟ್ಟೆ ಕೊಟ್ಟು ಹೋಗುತ್ತಿದ್ದರು.

ಒಗೆಯುವ ಮುಂಚೆ ಜೇಬುಗಳಿಗೆ ಕೈ ಹಾಕಿ ನೋಡುವುದು ಎಲ್ಲ ಲಾಂಡ್ರಿಗಳಲ್ಲೂ ಇದ್ದದ್ದೇ. ಚಿಕ್ಕಮ್ಮನ ಪದ್ಧತಿ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಸಿಕ್ಕಿದ್ದನ್ನು ಕಂದು ಲಕೋಟೆಗೆ ಹಾಕಿ, ಮೇಲೆ ಗಿರಾಕಿಯ ನಂಬರು, ತಾರೀಖು, ಒಳಗೇನಿದೆ ಎಂಬುದನ್ನು ಬರೆದು, ಇಸ್ತ್ರಿಯಾದ ಬಟ್ಟೆಯ ಜೇಬಿಗೇ ಪಿನ್ನು ಚುಚ್ಚುತ್ತಿದ್ದಳು. ಹಳೇ ಬಸ್ ಟಿಕೆಟ್ಟಾದರೂ ಸರಿ, ಅರ್ಧ ಚೀಪಿದ ಪೆಪ್ಪರಮೆಂಟಾದರೂ ಸರಿ. 'ಗುಂಡಿ ಒಂದು, ಸಣ್ಣದು' ಎಂದು ಬರೆದ ಲಕೋಟೆಯನ್ನು ನಾನೇ ಕಂಡಿದ್ದೇನೆ. ಹಾಗಾಗಿ ಜೇಬಲ್ಲಿ ಏನೂ ಇರಲಿಲ್ಲ ಎಂದು ಅವಳು ಹೇಳಿದರೆ ಮುಗಿಯಿತು, ಅದಕ್ಕೆ ಎರಡು ಮಾತಿಲ್ಲ. ಕಳೆದುಕೊಂಡವರು ಮನೆಗೆ ಹೋಗಿ ಮಂಚದ ಕೆಳಗೆ ಹುಡುಕಬೇಕು. ಇದರ ಬಗ್ಗೆ ಅವಳಿಗೆ ಜಂಬವಿತ್ತು. ಇರಲಿ ಬಿಡಿ, ಜಂಬಪಡುವುದಕ್ಕೆ ಅವಳಿಗೆ ಬೇರೇನಿತ್ತು?

ಆಗ ನನಗೆ ಇಪ್ಪತ್ತಾರು. ಇದ್ದ ಕೆಲಸ ಬಿಟ್ಟು, ಎಂ.ಎ. ಮಾಡುತ್ತೇನೆಂದು ಅವಳ ಮನೆಯಲ್ಲಿ ಠಿಕಾಣಿ ಹೂಡಿದ್ದೆ. ಮಧ್ಯಾಹ್ನಗಳಲ್ಲಿ ಲಾಂಡ್ರಿಯಲ್ಲೇ ಕುಳಿತು ಓದುವುದು, ಓದಿದ್ದನ್ನು ಅವಳ ಮುಂದೆ ಒದರುವುದು. ಅರೆಬೆಂದ ವಿದ್ಯೆಗೆ ಬಾಯಿ ಜಾಸ್ತಿ.

"ನಿಯಮ ಪಾಲಿಸೋದೇ ದೊಡ್ಡದಲ್ಲ ಚಿಕ್ಕಮ್ಮ. ಕೊನೇಲಿ ಯಾರಿಗೆ ಒಳ್ಳೇದಾಯ್ತು ಅಂತ ನೋಡ್ಬೇಕು."

ಅವಳು ಕಾಲರಿಗೆ ನೀರು ಚಿಮುಕಿಸುತ್ತಾ, "ಹೌದಾ? ಕೊನೇಲಿ ಏನಾಗುತ್ತೆ ಅಂತ ಮೊದಲೇ ತಿಳ್ಕೊಳ್ಳೋಕೆ ನಿಮ್ಮ ಪುಸ್ತಕದೋರು ಕಣಿ ಕೇಳಿರ್ತಾರಾ?" ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಎದುರು ಒಂದು ದಿನವಾದರೂ ಗೆಲ್ಲಬೇಕೆಂಬ ಹಟ ಹತ್ತಿತ್ತು.

ಹಿಂದಿನ ಬೀದಿಯಲ್ಲಿ ಒಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರಿದ್ದರು. ಗಂಡ ಹೆಂಡತಿ ಇಬ್ಬರೇ. ತೋಳಿನ ತುದಿಗೆಲ್ಲ ಬಣ್ಣ ಮೆತ್ತಿಕೊಂಡ ಅವರ ಶರ್ಟುಗಳು ವಾರಕ್ಕೊಮ್ಮೆ ಬರುತ್ತಿದ್ದವು. ಒಂದು ದಿನ ಅವರ ನೀಲಿ ಶರ್ಟಿನ ಜೇಬಲ್ಲಿ ಮಡಿಸಿದ ಕಾಗದ ಸಿಕ್ಕಿತು. ಚಿಕ್ಕಮ್ಮ ಬಿಡಿಸಿ ಓದಲಿಲ್ಲ. ಮೇಲಿದ್ದ ಮೊಹರು ನೋಡಿ, 'ಆಸ್ಪತ್ರೆ ಕಾಗದ, ಒಂದು' ಎಂದು ಲಕೋಟೆಯ ಮೇಲೆ ಬರೆದಿಟ್ಟಳು. ಮಧ್ಯಾಹ್ನ ಮೇಷ್ಟ್ರು ಏದುಸಿರು ಬಿಡುತ್ತಾ ಬಂದರು.

"ಅಮ್ಮಾ, ನೀಲಿ ಶರ್ಟಲ್ಲಿ ಒಂದು ಕಾಗದ…"

"ಭದ್ರವಾಗಿದೆ ಮೇಷ್ಟ್ರೇ, ತಗೊಳ್ಳಿ."

ಲಕೋಟೆ ಕೈಗೆ ಬಂದ ಮೇಲೂ ಅವರು ಕೌಂಟರು ಹಿಡಿದು ನಿಂತೇ ಇದ್ದರು. "ನನ್ನ ಹೊಟ್ಟೇಲಿ ಗಡ್ಡೆ ಇದೆಯಂತೆ. ಕೈ ಮೀರಿದೆ ಅಂದ್ರು ಡಾಕ್ಟ್ರು. ನಮ್ಮನೆಯವಳಿಗೆ ಮುಂದಿನ ವಾರ ಕಣ್ಣಿನ ಆಪರೇಷನ್. ಅಳಬಾರದು ಅಂತ ಹೇಳಿದ್ದಾರೆ. ಒಂದು ತಿಂಗಳು ಕಳೀಲಿ, ನಾನೇ ಹೇಳ್ತೀನಿ. ಅವಳಿಗೆ ಅನುಮಾನ ಬಂದಿದೆ, ನಿಮ್ಮನ್ನ ಕೇಳೇ ಕೇಳ್ತಾಳೆ. ಜೇಬಲ್ಲಿ ಏನೂ ಇರ್ಲಿಲ್ಲ ಅಂದ್ಬಿಡಿ."

"ಅದೊಂದು ಮಾತ್ರ ಕೇಳ್ಬೇಡಿ ಮೇಷ್ಟ್ರೇ. ಕಾಗದ ಇತ್ತು, ಏನು ಅಂತ ಅವರನ್ನೇ ಕೇಳಿ ಅಂತೀನಿ. ಅಷ್ಟು ಬೇಕಾದ್ರೆ ಮಾಡ್ತೀನಿ."

ಅವರು ತಲೆ ತಗ್ಗಿಸಿಕೊಂಡು ಹೋದರು. ನಾನು ಕಾದಿದ್ದ ಅವಕಾಶ ಕೈಗೆ ಬಂದಂತಾಯಿತು. ಸಾಯುತ್ತಿರುವ ಮನುಷ್ಯ ಕೈಮುಗಿದು ಕೇಳಿದ್ದಕ್ಕೆ ಇಲ್ಲವೆನ್ನುವುದು ಯಾವ ಸೀಮೆಯ ಧರ್ಮ ಎಂದು ಕೇಳಿದೆ. ಒಂದು ಮಾತಿನಿಂದ ಯಾರಿಗೇನು ನಷ್ಟ ಎಂದು ಕೇಳಿದೆ. ಕೊನೆಗೆ, ಅವಳಿಗೆ ಎಲ್ಲಿ ನಾಟುತ್ತದೆಂದು ಚೆನ್ನಾಗಿ ತಿಳಿದೇ, "ನಿನ್ನ ಜಂಬ ಉಳಿಯೋಕೆ ಆ ಹೆಂಗಸಿನ ಕಣ್ಣು ಹೋಗ್ಬೇಕಾ?" ಎಂದುಬಿಟ್ಟೆ.

ಚಿಕ್ಕಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ನಿಂಗೆ ಖಾತ್ರಿನಾ? ಓದ್ದೋಳು ನೀನು."

"ಖಾತ್ರಿ," ಎಂದೆ.

ಸಂಜೆ ಮೇಷ್ಟ್ರ ಹೆಂಡತಿ ಬಟ್ಟೆ ತೆಗೆದುಕೊಳ್ಳಲು ಬಂದರು. ಗ್ರಂಥಾಲಯದಲ್ಲಿ ಕೆಲಸ ಮಾಡಿದ್ದವರು, ಮೆಲುದನಿಯವರು. ಪೊರೆ ಬಂದ ಕಣ್ಣನ್ನು ಕಿರಿದು ಮಾಡಿಕೊಂಡು, ಗಂಡನ ಜೇಬಲ್ಲಿ ಆಸ್ಪತ್ರೆಯ ಚೀಟಿಯೇನಾದರೂ ಇತ್ತೇ ಎಂದು ಕೇಳಿದರು.

ಚಿಕ್ಕಮ್ಮ ಒಮ್ಮೆ ನನ್ನ ಕಡೆ ನೋಡಿ, "ಏನೂ ಇರ್ಲಿಲ್ಲಮ್ಮ," ಎಂದಳು.

ಅವರ ಮುಖ ಅರಳಿತು. "ನೀವು ಹೇಳಿದ್ಮೇಲೆ ಮುಗೀತು. ನಾನು ಸುಮ್ನೆ ಎರಡು ದಿನದಿಂದ ತಲೆ ಕೆಡಿಸ್ಕೊಂಡಿದ್ದೆ ನೋಡಿ," ಎಂದು ನಗುತ್ತಲೇ ಹೋದರು. ನಾನೂ ಒಳಗೊಳಗೆ ಬೀಗಿದೆ.

ಕಣ್ಣಿನ ಆಪರೇಷನ್ ಚೆನ್ನಾಗಿಯೇ ಆಯಿತು. ತಿಂಗಳು ಕಳೆಯಿತು. ಮೇಷ್ಟ್ರು ಹೆಂಡತಿಗೆ ಹೇಳಲಿಲ್ಲ. ದಾರಿಯಲ್ಲಿ ಸಿಕ್ಕಾಗಲೆಲ್ಲ ಚಿಕ್ಕಮ್ಮ "ಹೇಳಿದ್ರಾ?" ಎಂದು ಕೇಳುತ್ತಿದ್ದಳು, ಅವರು "ಈ ವಾರ ಖಂಡಿತ" ಎನ್ನುತ್ತಿದ್ದರು. ಹನ್ನೊಂದನೆಯ ವಾರ ತೀರಿಕೊಂಡರು.

ಅದಾಗಿ ಇಪ್ಪತ್ತು ದಿನಕ್ಕೆ ಅವರ ಹೆಂಡತಿ ಬಂದು ಕೌಂಟರಿನ ಮೇಲೆ ಒಂದು ಲಕೋಟೆ ಇಟ್ಟರು. ನಂಬರು, ತಾರೀಖು, 'ಆಸ್ಪತ್ರೆ ಕಾಗದ, ಒಂದು'. ಎಲ್ಲವೂ ಚಿಕ್ಕಮ್ಮನ ದುಂಡು ಅಕ್ಷರ. ಮೇಷ್ಟ್ರ ಚಿತ್ರದ ಪುಸ್ತಕದೊಳಗೆ ಸಿಕ್ಕಿತಂತೆ. ಸುಳ್ಳು ಹೇಳಿ ರೂಢಿಯಿದ್ದವರು ಅಂದೇ ಆ ಲಕೋಟೆಯನ್ನು ಇಸಿದುಕೊಂಡು ಹರಿದು ಹಾಕುತ್ತಿದ್ದರು. ಚಿಕ್ಕಮ್ಮನಿಗೆ ಅದು ಹೊಳೆದಿರಲೇ ಇಲ್ಲ. ಅಷ್ಟು ಓದಿದ್ದ ನನಗೂ ಹೊಳೆದಿರಲಿಲ್ಲ.

"ಬೇರೆ ಯಾರಾದ್ರೂ ಜೇಬಲ್ಲಿ ಏನೂ ಇಲ್ಲ ಅಂದಿದ್ರೆ ನಾನು ಆಸ್ಪತ್ರೆಗೆ ಹೋಗಿ ವಿಚಾರಿಸ್ತಿದ್ದೆ," ಎಂದರು ಅವರು. ದನಿ ಏರಲಿಲ್ಲ. "ನೀವು ಅಂದಿದ್ದಕ್ಕೆ ಸುಮ್ನಾದೆ. ಕಣ್ಣಿನ ಪಟ್ಟಿ ಬಿಚ್ಚಿದಾಗ ಮೊದಲು ಕಂಡಿದ್ದು ಅವರ ಮುಖ. ಎಷ್ಟು ಸೊರಗಿದ್ರು. ಹೊತ್ತಿಗೆ ಸರಿಯಾಗಿ ಊಟ ಮಾಡಲ್ಲ ಅಂತ ಬೈದೆ. ಮಲಗೇ ಇರ್ತಾರೆ, ಸೋಮಾರಿ ಆಗ್ಬಿಟ್ರು ಅಂತ ಬೈದೆ. ಇದ್ದಿದ್ದೇ ಅಷ್ಟು ದಿನ. ಅಷ್ಟನ್ನೂ ಬೈಕೊಂಡೇ ಕಳೆದೆ. ಅವರು ನಗ್ತಾ ಬೈಸ್ಕೊಂಡ್ರು."

ಚಿಕ್ಕಮ್ಮ ಎರಡು ಕೈಯನ್ನೂ ಇಸ್ತ್ರಿ ಮೇಜಿನ ಮೇಲೆ ಊರಿ ನಿಂತಿದ್ದಳು. "ತಪ್ಪಾಯ್ತಮ್ಮ. ನಾನೇ ಹೇಳಿದ್ದು. ನಂದೇ ತಪ್ಪು."

ನಾನು ತೂಗುಹಾಕಿದ ಬಟ್ಟೆಗಳ ಹಿಂದೆ ಇದ್ದೆ, ಯಾರದೋ ಕೋಟು ಹಿಡಿದುಕೊಂಡು. ನಾಲ್ಕು ಹೆಜ್ಜೆ ಮುಂದೆ ಬಂದು, ಹೇಳಿಸಿದ್ದು ನಾನು ಎನ್ನಬೇಕಿತ್ತು. ಕೋಟಿನ ಗುಂಡಿ ಹಾಕಿದೆ, ಬಿಚ್ಚಿದೆ, ಮತ್ತೆ ಹಾಕಿದೆ. ಅವರು ಹೋಗಿಬಿಟ್ಟರು. ಆ ನಾಲ್ಕು ಹೆಜ್ಜೆಯನ್ನು ಅವತ್ತು ಇಡಲಾರದೆ ಹೋದದ್ದಕ್ಕೆ ಇವತ್ತಿಗೂ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಆಮೇಲೆ ಅವರು ನಮ್ಮ ಬೀದಿಗೆ ಬಂದರೆ ಎದುರು ಬದಿಯಲ್ಲೇ ನಡೆದು ಹೋಗುತ್ತಿದ್ದರು. ಚಿಕ್ಕಮ್ಮ ಇನ್ನೂ ಆರು ವರ್ಷ ಲಾಂಡ್ರಿ ನಡೆಸಿದಳು. ಲಕೋಟೆ, ಪಿನ್ನು ಎಲ್ಲ ಇತ್ತು. ಆದರೆ ಯಾರಾದರೂ ಬಂದು ಜೇಬಲ್ಲಿ ಏನಾದರೂ ಇತ್ತಾ ಎಂದು ಕೇಳಿದರೆ, "ನಂಗೇನೂ ಸಿಗ್ಲಿಲ್ಲ, ನೀವೂ ಒಂದ್ಸಲ ನೋಡ್ಕೊಂಡ್ಬಿಡಿ," ಎನ್ನುತ್ತಿದ್ದಳು. ಕಾಲರಿನ ತಮಾಷೆಗಳು ನಿಂತುಹೋದವು. ನನ್ನನ್ನು ಒಂದು ದಿನವೂ ದೂರಲಿಲ್ಲ. ನಾನು ಮೊದಲ ದರ್ಜೆಯಲ್ಲಿ ಪಾಸಾದೆ. ಕೆಲಸದ ಸಂದರ್ಶನಕ್ಕೆ ಹೋಗುವಾಗ ನನ್ನ ಬಟ್ಟೆಗೆ ಅವಳೇ ಇಸ್ತ್ರಿ ಹಾಕಿ, ಮಡಿಕೆ ಕೆಡದ ಹಾಗೆ ಎರಡು ಕೈಯಲ್ಲಿ ಹಿಡಿದು ತಂದುಕೊಟ್ಟಳು.

ಚಿಕ್ಕಮ್ಮ ತೀರಿಹೋದ ಮೇಲೆ, ಒಂದು ತಿಂಗಳು ಕಳೆದು, ನಾನು ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದು, ಗುರುತು ಹಿಡಿದು, ಕುರ್ಚಿ ತೋರಿಸಿದರು. ಕುಳಿತುಕೊಳ್ಳದೆಯೇ ಹೇಳಿದೆ. "ಆ ಸುಳ್ಳು ಚಿಕ್ಕಮ್ಮಂದಲ್ಲ. ಅವಳು ಆಗಲ್ಲ ಅಂದಿದ್ಲು. ಹೇಳ್ಸಿದ್ದು ನಾನು."

"ಗೊತ್ತಮ್ಮ," ಎಂದರು ಅವರು.

ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ಅವತ್ತು ನಾನು ಚೀಟಿ ಕೇಳಿದಾಗ ನಿನ್ನ ಚಿಕ್ಕಮ್ಮ ಒಂದ್ಸಲ ತಿರುಗಿ ನಿನ್ನ ನೋಡಿದ್ರು. ನೀನು ಹೂಂ ಅಂತ ತಲೆ ಆಡಿಸ್ದೆ. ಆಗಿನ ಮಂಜುಗಣ್ಣಿಗೂ ಅಷ್ಟು ಕಂಡಿತ್ತು, ಅರ್ಥ ಆಗಿದ್ದು ಆಮೇಲೆ. ನಿಂಗೆ ಒಬ್ಬಳಿಗೇ ಬರೋಕೆ ಆಗದೆ ಇದ್ರೆ ಅವರನ್ನ ಕರ್ಕೊಂಡಾದ್ರೂ ಬರ್ತೀಯ ಅಂತ ಕಾದೆ. ಬಂದಿದ್ರೆ ಇಬ್ರಿಗೂ ಒಳಗೆ ಬನ್ನಿ ಅಂತಿದ್ದೆ." ಅವರು ಖಾಲಿ ಕುರ್ಚಿಯ ಕಡೆ ನೋಡಿದರು. "ಆರು ವರ್ಷ ಅವರ ಹತ್ರ ಮಾತು ಬಿಟ್ಟಿದ್ದೆ ನಾನು. ಇವತ್ತು ಬಂದಿದ್ದೀಯ."