ಟವೆಲು ಹಾಕಿಟ್ಟ ಸೀಟು

ಇಳಿಜಾರಿನಲ್ಲಿ ಬ್ರೇಕು ಹೋಗಿ ಬಸ್ಸು ನಮ್ಮ ಹುಲ್ಲುಹಾಸಿಗೆ ನುಗ್ಗಬಹುದಿತ್ತು. ಹಾರ್ನಿಗೆ ತೊಟ್ಟಿಲ ಮಕ್ಕಳೆಲ್ಲ ಒಟ್ಟಿಗೇ ಏಳಬಹುದಿತ್ತು. ಕಿಟಕಿಯಿಂದ ಯಾರೋ ಉಗಿದ ಎಲೆಯಡಿಕೆ ಬಿಳಿ ಗೋಡೆಯನ್ನು ಕೆಂಪು ಮಾಡಬಹುದಿತ್ತು. ಇದಕ್ಕೆಲ್ಲ ನಿವಾಸಿಗಳ ಸಂಘದ ಕಾರ್ಯದರ್ಶಿಯಾದ ನನ್ನನ್ನು ಠಾಣೆಗೆ ಕರೆಯಬಹುದಿತ್ತು. ನಮ್ಮ ಹೊಸ ನಗರದೊಳಗೆ ಬಸ್ಸು ತರುತ್ತೇನೆಂದು ವಾಸಣ್ಣ ಹೇಳಿದಾಗ ನನಗೆ ತೋಚಿದ್ದು ಇಷ್ಟೇ ಅಲ್ಲ. ಉಳಿದದ್ದನ್ನು ಬರೆಯಲು ನಾಚಿಕೆ.

ವಾಸಣ್ಣ ಮಲ್ಪೆಯ ಮೀನುಗಾರರ ಮನೆಯವರು. ದೋಣಿ ಹತ್ತಿದರೆ ತಲೆ ತಿರುಗುತ್ತದೆಂದು ಬಸ್ಸು ಹತ್ತಿ, ಕಾಪು–ಉಡುಪಿ ದಾರಿಯಲ್ಲಿ ಕಂಡಕ್ಟರಾಗಿಯೇ ಮುದುಕರಾದವರು. ಮಗಳ ಸಂಸಾರದ ಜೊತೆ ನಮ್ಮ ಮೇಲಿನ ಮಹಡಿಗೆ ಬಂದರು. ಲಿಫ್ಟಿನಲ್ಲೂ ಬಾಗಿಲ ಬಳಿಯೇ ನಿಂತು, "ಹಿಂದೆ ಹೋಗಿ, ಹಿಂದೆ ಹೋಗಿ, ಜಾಗ ಉಂಟು" ಎನ್ನುತ್ತಿದ್ದರು. ಒಳಗೆ ಒಬ್ಬನೇ ಇದ್ದರೂ ನಾನು ಹಿಂದೆ ಸರಿಯುತ್ತಿದ್ದೆ.

ಮಣಿಪಾಲ ದಾಟಿ ಕಾರ್ಕಳದ ಕಡೆ ಹೋಗುವಾಗ ಸಿಗುವ ಬೋಳು ಗುಡ್ಡದ ಮೇಲೆ, ಮೊದಲು ಕಾಗದದಲ್ಲಿ ಹುಟ್ಟಿ ಆಮೇಲೆ ನೆಲಕ್ಕಿಳಿದ ನಗರ ನಮ್ಮದು. ಶಾಲೆ, ಆಸ್ಪತ್ರೆ, ಕೆರೆ, ಕೆರೆಗೆ ಬಾತುಕೋಳಿ. 'ಎಲ್ಲವೂ ನಡೆದು ಹೋಗುವಷ್ಟೇ ದೂರ' ಎಂದಿತ್ತು ಜಾಹೀರಾತು. ನಮ್ಮ ಉದ್ಯೋಗಗಳು ಮಾತ್ರ ಉಡುಪಿಯಲ್ಲಿದ್ದವು. ಮನೆಗೆಲಸದವರು ಮುಖ್ಯರಸ್ತೆಯಲ್ಲಿಳಿದು ಬಿಸಿಲಲ್ಲಿ ಗುಡ್ಡ ಹತ್ತುತ್ತಿದ್ದರು. ಗಾಜಿನ ಬಸ್‌ಸ್ಟ್ಯಾಂಡ್ ಇತ್ತು. ಬಸ್ಸಿರಲಿಲ್ಲ.

"ಬಸ್ ಬಾರದ್ದು ಎಂತ ಊರು ಮಾರಾಯ್ರೆ? ಇದು ದೊಡ್ಡ ಲಾಡ್ಜು" ಎಂದರು ವಾಸಣ್ಣ.

ತಮ್ಮ ಹಳೆಯ ಧಣಿಯಾದ ಬಸ್ ಮಾಲೀಕರನ್ನು ಕಾಡಿ ಒಂದು ಬಸ್ಸಿಗೆ ಒಪ್ಪಿಸಿದರು. ಬೆಳಿಗ್ಗೆ ಕೆಲಸದವರು ತುಂಬಿ ಬರುತ್ತಾರೆ, ಸರಿ; ಉಡುಪಿಗೆ ಖಾಲಿ ಮರಳಿದರೆ ತಿಂಗಳಿಗೇ ನಿಲ್ಲಿಸುತ್ತೇನೆ ಎಂದಿದ್ದರು ಧಣಿ.

"ನೀವು ಹತ್ತಿ ಸೆಕ್ರೆಟ್ರಿಗಳೇ. ನಿಮ್ಮನ್ನು ನೋಡಿ ಉಳಿದವರು ಹತ್ತುತ್ತಾರೆ. ಸೀಟು ನಾನು ಹಿಡಿದಿಡ್ತೇನೆ."

ಹಿಡಿದಿಟ್ಟರು. ದಿನಾ ಬೆಳಿಗ್ಗೆ ಡ್ರೈವರನ ಹಿಂದಿನ ಕಿಟಕಿ ಸೀಟಿಗೆ ತಮ್ಮ ಕೆಂಪು ಟವೆಲು ಹಾಕಿ, ಖಾಲಿ ಬಸ್ಸಿನಲ್ಲಿ ಅದರ ಪಕ್ಕ ಕೂರುತ್ತಿದ್ದರು. ನಾನು ಕಾರಿನ ಕೀಲಿಯನ್ನು ಬೆನ್ನ ಹಿಂದೆ ಹಿಡಿದು, "ಇವತ್ತು ಮಳೆ ಬರುವ ಹಾಗೆ ಉಂಟು ವಾಸಣ್ಣ, ನಾಳೆ ಖಂಡಿತ" ಎನ್ನುತ್ತಿದ್ದೆ. ಬಸ್ಸು ತಡವಾದರೆ? ಮರಳಿ ಬರಲು ಸಿಗದಿದ್ದರೆ? ಇಳಿಜಾರಿನಲ್ಲಿ ಬಸ್ಸನ್ನು ಹಿಂದಿಕ್ಕುವಾಗ ತಲೆ ತಗ್ಗಿಸಿ ಕಾರು ಓಡಿಸುತ್ತಿದ್ದೆ. ಆ ರಸ್ತೆಯಲ್ಲಿ ನಿಜವಾದ ಅಪಾಯವೆಂದರೆ ಅದೊಂದೇ.

ತಿಂಗಳಾಯಿತು, ಬಸ್ಸು ನಿಂತಿತು. ವಾಸಣ್ಣ ಬೈಯಲಿಲ್ಲ. ಕಾಪುವಿನಲ್ಲಿ ರಸ್ತೆಬದಿಯ ತಮ್ಮನ ಮನೆಗೆ ಹೊರಟರು. "ಅಲ್ಲಿ ಜಗಲಿಯಲ್ಲಿ ಕೂತರೂ ಬಸ್ಸಿನ ಶಬ್ದ ಕೇಳ್ತದೆ, ಅಲ್ವಾ."

ಸಂಜೆ ನಾನೇ ಕಾರಿನಲ್ಲಿ ಕರೆದೊಯ್ದೆ. ಗೇಟು ದಾಟುತ್ತಲೇ ಅವರು ಗಾಜು ಇಳಿಸಿ, ಕೆಲಸ ಮುಗಿಸಿ ನಡೆಯುತ್ತಿದ್ದ ಹೆಂಗಸರಿಗೆ "ಮೈನ್ ರೋಡ್, ಮೈನ್ ರೋಡ್, ಮೈನ್ ರೋಡ್" ಎಂದು ಕೂಗಿದರು. ನಮ್ಮ ಮನೆಗೆ ಬರುವ, ಬಾಗಲಕೋಟೆ ಕಡೆಯ ಶಾಂತವ್ವ ಅನುಮಾನದಿಂದ ಇಣುಕಿದಳು.

"ಸಾಹೇಬ್ರು ಬೈಯಂಗಿಲ್ಲೇನ್ರಿ?"

"ಇವರು ಇವತ್ತು ಡ್ರೈವರ್. ಹಿಂದೆ ಹೋಗಿ, ಜಾಗ ಉಂಟು."

ಮೂವರು ಹತ್ತಿದರು. ವಾಸಣ್ಣ ಬಾಗಿಲಿನ ಹೊರಮೈಗೆ ಎರಡು ಸಲ ತಟ್ಟಿ "ರೈಟ್" ಎಂದರು. ಅಷ್ಟು ದಿನ ಅದೇ ಹಿಂದಿನ ಸೀಟಿನಲ್ಲಿ ನನ್ನ ಕೊಡೆಯೊಂದೇ ಪ್ರಯಾಣ ಮಾಡುತ್ತಿತ್ತು.

ಮಳೆಗಾಲಕ್ಕೆ ಮುಂಚೆ ಅವರು ತೀರಿಕೊಂಡ ಸುದ್ದಿ ಬಂತು. ಲಿಫ್ಟಿನಲ್ಲಿ ಈಗಲೂ ನಾನು ಹಿಂದೆ ಸರಿದೇ ನಿಲ್ಲುತ್ತೇನೆ. ಬಸ್ಸಿನ ಬ್ರೇಕು ಸರಿಯಾಗಿಯೇ ಇತ್ತು. ಹಾರ್ನಿಗೆ ಯಾವ ಮಗುವೂ ಏಳಲಿಲ್ಲ. ಗೋಡೆ ಇನ್ನೂ ಬೆಳ್ಳಗಿದೆ. ಟವೆಲು ಹಾಕಿಟ್ಟ ಸೀಟಿಗೆ ಬರಬೇಕಾದ ಒಬ್ಬ ಬರಲಿಲ್ಲ, ಅಷ್ಟೆ.