ಕೊಸರಿಗೆ ಕೇಳಿದ ಮೆಮರಿ

ಹಳೆಯ ಟೈಪಿಂಗ್ ಮೇಜಿನ ಖಾನೆ ಸ್ವಚ್ಛ ಮಾಡುವಾಗ ಮೆಮರಿ ಚಿಪ್ಪೊಂದು ಸಿಕ್ಕಿತು. ಎರಡೂ ಬದಿಗೆ ಸಣ್ಣ ಕಾಲುಗಳಿದ್ದ ಕರಿ ಚೂರು. ಒಂದು ಕಾಲು ಸೊಟ್ಟಗಾಗಿತ್ತು. ಅಂಗೈಯಲ್ಲಿ ಇಟ್ಟುಕೊಂಡೆ... ಅತ್ತಿಗೆಯೆಂಬ ಸಲಿಗೆಯಲ್ಲಿ ನಾನು ವೈನಿ ಎನ್ನುತ್ತಿದ್ದ ಪಕ್ಕದ ಮನೆಯವರು ಕಣ್ಮುಂದೆ ಬಂದರು.

ಎಂಬತ್ತರ ದಶಕದ ಕೊನೆಯ ಮಾತು. ಗಂಗಾವತಿಯಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಕಲಿಯುವ ಹುಡುಗರು ಒಬ್ಬೊಬ್ಬರೇ ಕಂಪ್ಯೂಟರ್ ಕ್ಲಾಸಿಗೆಂದು ಹೊಸಪೇಟೆಯ ಬಸ್ ಹತ್ತತೊಡಗಿದ್ದರು. ನಾನೂ ಕಂಪ್ಯೂಟರ್ ತರಬೇಕು, ಇಲ್ಲವೇ ಬಾಗಿಲು ಹಾಕಬೇಕು ಎನ್ನುವ ಸ್ಥಿತಿ. ಆಗ ಹೈದರಾಬಾದಿನ ವ್ಯಾಪಾರಿಯೊಬ್ಬ ಬಳಸಿದ ಯಂತ್ರವೊಂದನ್ನು ಪ್ರಿಂಟರ್ ಸಮೇತ ನನ್ನ ಪಡಸಾಲೆಗೆ ತಂದಿಳಿಸಿದ.

ಚೌಕಾಸಿ ನನಗೆ ಹೊಸದಲ್ಲ. ನಮ್ಮ ಕಡೆ ಅಕ್ಕಿ ಅಳೆದ ಮೇಲೆ ಒಂದು ಬೊಗಸೆ ಕೊಸರು ಹಾಕಿಸಿಕೊಳ್ಳದೆ ಯಾರೂ ಚೀಲದ ಬಾಯಿ ಕಟ್ಟುವುದಿಲ್ಲ. ಮೆಮರಿ ಎಂದರೆ ಯಂತ್ರದ ಬುದ್ಧಿ, ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಎಲ್ಲೋ ಕೇಳಿದ್ದೆ. ಅದನ್ನೇ ಕೊಸರು ಕೇಳಿದೆ. ಅವನು ತಲೆ ಕೆರೆದುಕೊಂಡು, ಪ್ರಿಂಟರ್ ಬಿಟ್ಟುಕೊಟ್ಟರೆ ಈಗಿರುವುದರ ನಾಲ್ಕು ಪಟ್ಟು ದೊಡ್ಡ ಚಿಪ್ಪುಗಳನ್ನು ಕೊಡುತ್ತೇನೆಂದ. ನನಗೆ ಒಳಗೊಳಗೇ ಖುಷಿ. ಒಪ್ಪಿಬಿಡುವವನಿದ್ದೆ.

ಅಷ್ಟರಲ್ಲಿ ವೈನಿ ಮಂಡಾಳ ಒಗ್ಗರಣೆಯ ತಾಟು ಹಿಡಿದು ಬಂದರು. ಮದುವೆಗೆ ಮುಂಚೆ ಹೈದರಾಬಾದಿನ ಯಾವುದೋ ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಮಾಡಿದವರು. ತಾಟು ಕೆಳಗಿಟ್ಟು, ತೆರೆದಿದ್ದ ಯಂತ್ರದ ಡಬ್ಬಿಯೊಳಗೆ ಬಗ್ಗಿ, ಚಿಪ್ಪುಗಳು ಕೂತಿದ್ದ ಬೋರ್ಡನ್ನು ನೋಡಿದರು.

"ಈ ಬೋರ್ಡ್ ಎಲ್ಲೀತನಕ ಮೆಮರಿ ಲೆಕ್ಕ ಹಿಡಿತೈತ್ರಿ?"

ಚಿಪ್ಪುಗಳು ಸರಿಯಾಗಿ ಕೂರುತ್ತವೆ ಎಂದ ವ್ಯಾಪಾರಿ.

"ಕೂಡ್ತಾವು, ಅದನ್ನ ಯಾರು ಕೇಳ್ಯಾರ? ಲೆಕ್ಕ ಹಿಡಿತೈತೇನು ಅಂದೆ."

ಅವನು ಯಂತ್ರದ ಪುಸ್ತಕ ತೆಗೆದು ಓದಿದ. ಈಗಿರುವಷ್ಟೇ ಅದರ ಮಿತಿ. ಅವನ ಮುಖ ನೋಡಿದರೆ ಅವನಿಗೂ ಗೊತ್ತಿರಲಿಲ್ಲ ಅನಿಸಿತು. ವೈನಿ ನನ್ನತ್ತ ತಿರುಗಿದರು.

"ಮಿಲ್ಲಿನ ತೂಕದ ಕಾಟಾ ನೋಡಿಯಲ್ಲ ತಮ್ಮಾ? ಕಡೀ ಗೆರಿ ದಾಟಿದ ಮ್ಯಾಲೆ ನೀ ಎಷ್ಟು ಹೇರಿದರೂ ಅದಕ್ಕ ತಿಳಿಯಂಗಿಲ್ಲ. ಇದೂ ಹಂಗ. ಸುಮ್ಮನ ಪ್ರಿಂಟರ್ ಇಟಗೋ."

ಇಟ್ಟುಕೊಂಡೆ. ವ್ಯಾಪಾರಿ ನಗುತ್ತಾ ಒಂದು ಚಿಪ್ಪನ್ನು ಮೇಜಿನ ಮೇಲೆ ಬಿಟ್ಟು ಹೋದ. "ತೊಗೋ, ನಿನ್ನ ಕೊಸರು," ಎಂದರು ವೈನಿ. ಆಮೇಲೆ ವರ್ಷಗಟ್ಟಲೆ ಬೀದಿಯ ಜನರೆದುರು ನನ್ನನ್ನು ಅದೇ ಮಾತಿನಲ್ಲಿ ಕಾಡಿದರು.

ಆ ಪ್ರಿಂಟರೇ ನನ್ನನ್ನು ಉಳಿಸಿತು. ಅರ್ಜಿ, ಲಗ್ನಪತ್ರಿಕೆ, ಮಿಲ್ಲಿನವರ ಬಿಲ್ಲು ಎಲ್ಲ ಅದರಲ್ಲೇ. ಹುಡುಗರು ತಾವು ಹೊಡೆದ ಅಕ್ಷರ ಕಾಗದದ ಮೇಲೆ ಬರುವುದನ್ನು ನೋಡಲೆಂದೇ ಸೇರಿದರು. ಮೊದಲ ಆರು ತಿಂಗಳು ಪಾಠ ಹೇಳಿದವರೂ ವೈನಿಯೇ... ನಾನು ಹಿಂದಿನ ಬೆಂಚಿನಲ್ಲಿ ಕೂತು ಕಲಿತೆ.

ಯಾವ ಯಂತ್ರಕ್ಕೇ ಆಗಲಿ, ಮೆಮರಿ ಹೆಚ್ಚಿಸುವ ಮೊದಲು ಬೋರ್ಡಿನ ಮಿತಿ ಕೇಳಿರಿ. ಎಷ್ಟು ಜಾಗ ಖಾಲಿ ಇದೆ ಎಂದಲ್ಲ, ಎಷ್ಟು ಮೆಮರಿಯನ್ನು ಅದು ಲೆಕ್ಕ ಹಿಡಿಯುತ್ತದೆ ಎಂದು. ಕಾಗದದಲ್ಲಿ ಓದಿ ನೋಡಿಯೇ ಕೈ ಕುಲುಕಿರಿ.

ಮೊನ್ನೆ ಇನ್‌ಸ್ಟಿಟ್ಯೂಟಿಗೆ ಹೊಸ ಯಂತ್ರಗಳನ್ನು ಮಾರಲು ಬಂದ ಹುಡುಗನಿಗೂ ಅದನ್ನೇ ಕೇಳಿದೆ. ಅವನು ಫೋನಿನಲ್ಲಿ ಹುಡುಕಿ, ಹೌದು ಸರ್, ಇಷ್ಟೇ ಹಿಡಿಯುವುದು ಎಂದ. ಕೇಳಿದಿರಾ ವೈನಿ ಎನ್ನಲು ಪಕ್ಕದ ಮನೆಯ ಕಡೆ ತಿರುಗಿದೆ. ಅವರು ತೀರಿಹೋಗಿ ಎರಡು ಬೇಸಿಗೆ ಕಳೆದಿವೆ... ಕುತ್ತಿಗೆ ಮಾತ್ರ ಇನ್ನೂ ಆ ಕಡೆಗೇ ತಿರುಗುತ್ತದೆ.